ಕೆಎನ್ ಪಟ್ಟಿಯ ಕೊನೆಯ ಪದ

ಫೆಬ್ರವರಿಯ ಮೊದಲ ಸೋಮವಾರದ ಪುಟದಲ್ಲಿ ನನ್ನ ಡೈರಿ ಹೇಳುವುದು ಇಷ್ಟೇ: ‘ಚೀಟಿ ಎತ್ತಿದೆ. ಕೆ, ಎನ್. ಒಟ್ಟು ಪದ ಹದಿನೆಂಟು.’ ತೊಂಬತ್ತರ ದಶಕದ ನಡುವಿನ ಒಂದು ವರ್ಷ ಅದು. ನಾನು ಸೇಲಂನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ.

ನಮ್ಮ ಇಂಗ್ಲಿಷ್ ಟೀಚರ್ ಅದಿಯಮಾನ್‌ಕೋಟೆ ಕಡೆಯವರು. ಅವರು ಚೀಟಿ ಎತ್ತಿಸಿ ಒಬ್ಬೊಬ್ಬರಿಗೂ ಒಂದು ಜೋಡಿ ಅಕ್ಷರ ಕೊಟ್ಟರು. ಆ ಜೋಡಿಯಿಂದ ಶುರುವಾಗುವ ಪದಗಳನ್ನೆಲ್ಲ ಶಾಲೆಯ ಡಿಕ್ಷನರಿ ನೋಡಿ ಬರೆದುಕೊಳ್ಳಬೇಕು. ಆಮೇಲೆ ಒಂದೊಂದರ ಅರ್ಥವನ್ನು ತರಗತಿಯ ಮುಂದೆ ತೋರಿಸಬೇಕು. “ಸೊಲ್ಲಕ್ಕೂಡಾದು, ಕಾಟ್ಟಣುಂ” ಎಂದರು ತಮಿಳಿನಲ್ಲಿ. ಬಾಯಲ್ಲಿ ಹೇಳುವಂತಿಲ್ಲ, ಮಾಡಿ ತೋರಿಸಬೇಕು. ಮಾರ್ಚ್ ಕೊನೆಯಲ್ಲಿ ಯಾರ ಪಟ್ಟಿಯಲ್ಲಿ ಉಳಿದ ಪದ ಕಡಿಮೆಯೋ ಅವರು ಬೇಸಿಗೆ ರಜೆಗೆ ಡಿಕ್ಷನರಿಯನ್ನು ಮನೆಗೆ ಒಯ್ಯಬಹುದು. ಶಾಲೆಯಲ್ಲಿದ್ದದ್ದು ಅದೊಂದೇ. ಮನೆಯಲ್ಲಿ ಕನ್ನಡ ಆಡುವ ನಮ್ಮ ನೇಕಾರರ ಬೀದಿಯಲ್ಲಿ ಒಂದೂ ಇರಲಿಲ್ಲ. ಎರಡು ತಿಂಗಳು ಅದು ನನ್ನ ಬಳಿಯೇ ಇರಬೇಕೆಂದು ಎಷ್ಟು ಆಸೆಯಾಗಿತ್ತೆಂದರೆ, ಅದನ್ನಿಡಲು ಗೋಡೆಯ ಗೂಡು ಕೂಡ ಒರೆಸಿಟ್ಟಿದ್ದೆ.

ಮೊದಲ ವಾರ ಐದು ಪದ ಮುಗಿದವು. ಬರೆಯುವಾಗ ಇರುವ ಕೆ ಇವುಗಳನ್ನು ಓದುವಾಗ ಇರುವುದಿಲ್ಲ. ನೀ ಎಂದರೆ ಮೊಣಕಾಲು, ಮುಟ್ಟಿ ತೋರಿಸಿದೆ. ನೀಲ್ ಎಂದು ಮಂಡಿಯೂರಿದೆ. ನಕಲ್ ಎಂದರೆ ಬೆರಳ ಗೆಣ್ಣು. ಅದರಿಂದಲೇ ಬಾಗಿಲು ಬಡಿದು ನಾಕ್ ಎಂದೆ. ಒಂದೇ ಕೈಗೆ ಪಟ್ಟಿಯಲ್ಲಿ ಎರಡು ಗುರುತು ಸಿಕ್ಕವು. ನಾಟ್‌ಗೆ ನನ್ನ ಜಡೆಯ ರಿಬ್ಬನ್ ಗಂಟು ಸಾಕಾಯಿತು. ನೋ, ಅಂದರೆ ತಿಳಿದಿರುವುದು, ಹೇಗೆ ತೋರಿಸುವುದು? ಟೀಚರ್ ಒಂದು ಲೆಕ್ಕ ಕೇಳಲಿ ಎಂದೆ. ಕೇಳಿದರು, ಬೋರ್ಡಿನ ಮೇಲೆ ಉತ್ತರ ಬರೆದೆ. ನೇವ್ ಎಂದರೆ ಮೋಸಗಾರ ಎಂದು ಗೊತ್ತಾದ ಕೂಡಲೇ ಇಡೀ ತರಗತಿ ಹಿಂದಿನ ಬೆಂಚಿನ ಒಬ್ಬನತ್ತ ಕೈ ತೋರಿಸಿತು. ಅವನು ಎದ್ದು ನಮಸ್ಕಾರ ಮಾಡಿದ. ಅದನ್ನೂ ಗುರುತು ಹಾಕಿಕೊಂಡೆ.

ಮಾರ್ಚ್ ಮೂರನೇ ವಾರಕ್ಕೆ ಹದಿನೇಳು ಆಗಿದ್ದವು. ಪಕ್ಕದಲ್ಲಿ ಕೂರುವವಳದು ಡಬ್ಲ್ಯುಆರ್. ಅವಳಿಗೂ ಒಂದೇ ಉಳಿದಿತ್ತು: ರೆನ್, ನಮ್ಮ ಕಡೆ ಯಾರೂ ನೋಡದ ಒಂದು ಪುಟ್ಟ ಹಕ್ಕಿ. ಅವಳು ಚಿತ್ರ ಬರೆದು ತಂದಳು. “ಇದು ಗುಬ್ಬಿ” ಎಂದು ಟೀಚರ್ ವಾಪಸ್ ಕೊಟ್ಟರು.

ನನಗೆ ಉಳಿದದ್ದು ನ್ಯಾಕ್. ಡಿಕ್ಷನರಿಯಲ್ಲಿ ಒಂದೂವರೆ ಸಾಲಿನ ಅರ್ಥವಿತ್ತು: ಕೆಲಸವನ್ನು ಸಲೀಸಾಗಿ ಮಾಡುವ, ಕಲಿಸಿಕೊಡಲಾಗದ ಕೈಗುಣ. ಕಲಿಸಲಾಗದ್ದನ್ನು ತೋರಿಸುವುದು ಹೇಗೆ?

ಆ ಶನಿವಾರ ನಮ್ಮ ಮಗ್ಗಕ್ಕೆ ಹೊಸ ಪಾವು ಬಂದಿತ್ತು. ಪಾವು ಎಂದರೆ ಉದ್ದದ ಎಳೆಗಳ ಹಾಸು. ಹಳೆಯ ಹಾಸಿನ ತುದಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಅಮ್ಮ ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿ ಹಿಡಿದು ಒಮ್ಮೆ ಹೊಸೆಯುತ್ತಿದ್ದಳು, ಅಷ್ಟೇ. ನಾನು ಗಡಿಯಾರ ನೋಡಿದೆ. ನಿಮಿಷಕ್ಕೆ ಹದಿನಾಲ್ಕು.

“ಗಂಟು ಆಕ್‌ಬಾರ್ದಾಮ್ಮಾ?”

“ಗಂಟು ಆಕುದ್ರೆ ಅಚ್ಚುನಾಗೆ ಸಿಕ್ಕೊಂಡು ಎಳೆ ಕಿತ್ತೋಗ್ತೈತೆ. ಒಸೀಬೇಕು.”

ಅಚ್ಚು ಎಂದರೆ ಎಳೆಗಳು ತೂರಿ ಹೋಗುವ ಬಾಚಣಿಗೆಯಂಥದ್ದು. ನಾನೂ ಕೂತೆ. ಹೊಸೆದ ಎಳೆ ಕೈ ಬಿಟ್ಟ ಕೂಡಲೇ ಬಿಚ್ಚಿಕೊಂಡಿತು.

“ಎಂಗೆ ಮಾಡ್ತೀಯ? ಹೇಳ್ಕೊಡು.”

“ಎಂಗೆ ಅಂದ್ರೆ? ಇಂಗೆ!” ಎಂದು ಇನ್ನೆರಡು ಹೊಸೆದಳು. “ಇಸ್ಕೂಲ್ ಬೆರಳು ಕಣೇ ನಿಂದು. ಪೆನ್ನಿಗೇ ಸರಿ.”

ಆ ಮಾತು ಚುಚ್ಚಿತು. ಅಂದು ಸಂಜೆಯೇ, ಆಮೇಲೆ ದಿನವೂ ಶಾಲೆಯಿಂದ ಬಂದು, ಕತ್ತರಿಸಿದ ನೂಲಿನ ತುಂಡು ಹಿಡಿದು ಕೂತೆ. ಡೈರಿಯಲ್ಲಿದೆ: ದಿನಕ್ಕೆ ನಲವತ್ತು. ಶನಿವಾರ ಬಿಚ್ಚಿದ್ದು ಮೂವತ್ತೆಂಟು. ಸೋಮವಾರ ಬಿಚ್ಚಿದ್ದು ಮೂವತ್ತೊಂದು. ಬುಧವಾರ ಹತ್ತೊಂಬತ್ತು. ಗುರುವಾರ ಏಳು. ಬುಧವಾರಕ್ಕೂ ಗುರುವಾರಕ್ಕೂ ನಡುವೆ ಏನಾಯಿತೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಆ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಮಾತ್ರ ಇದೆ.

ಶುಕ್ರವಾರವೇ ಕೊನೆಯ ದಿನ. ಕಾಗದದಲ್ಲಿ ಬೂದಿ, ಡಬ್ಬಿಯಲ್ಲಿ ನೂಲು ತೆಗೆದುಕೊಂಡು ಹೋದೆ. ಮೊದಲು ಟೀಚರಿಗೇ ಬೂದಿ, ಎರಡು ಎಳೆ ಕೊಟ್ಟು, ಕೂಡಿಸಿ ಎಂದು ಕೈಸನ್ನೆ ಮಾಡಿದೆ. ಅವರು ಹೊಸೆದರು, ಬಿಚ್ಚಿತು. ಮೋಸಗಾರ ಎನಿಸಿಕೊಂಡವನು ಎಂಜಲು ಹಚ್ಚಿ ಹೊಸೆದ. ಅದೂ ಬಿಚ್ಚಿತು. ಆಮೇಲೆ ನಾನು ಬೂದಿ ಮುಟ್ಟಿದೆ. ನಲವತ್ತರಲ್ಲಿ ಏಳು ಎಂಬುದಷ್ಟೇ ತಲೆಯಲ್ಲಿತ್ತು. ಹೊಸೆದು ಟೀಚರ್ ಕೈಗಿಟ್ಟೆ.

ಅವರು ಮೆಲ್ಲಗೆ ಎಳೆದರು. ನಿಂತಿತು. ಜೋರಾಗಿ ಎಳೆದರು. ನೂಲು ಬೇರೆ ಕಡೆ ಕಿತ್ತುಹೋಯಿತು, ಹೊಸೆದ ಜಾಗ ಬಿಚ್ಚಲಿಲ್ಲ.

“ಏಯ್, ಇದುದಾನ್ ನ್ಯಾಕ್!” ಇದೇ ನ್ಯಾಕ್, ಎಂದಳು ಪಕ್ಕದವಳು, ತನ್ನ ಪಟ್ಟಿಯಲ್ಲಿ ರೆನ್ ಉಳಿದದ್ದನ್ನೇ ಮರೆತು.

ಪಟ್ಟಿ ಪೂರ್ತಿ ಮುಗಿದದ್ದು ನನ್ನದೊಂದೇ. ಡಿಕ್ಷನರಿಯನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದೆ. ಅಮ್ಮ ಕೈ ತೊಳೆದುಕೊಂಡು ಬಂದು ಅದರ ರಟ್ಟು ಸವರಿದಳು.

“ಇದ್ರಾಗೆ ಎಲ್ಲಾ ಐತಾ?”

“ಎಲ್ಲಾ ಐತೆ.”

“ಪಾವು ಒಸಿಯಾದ್ಕೆ ಏನಂತ ಐತೆ?”

ಟಿಡಬ್ಲ್ಯು ಪುಟ ತೆಗೆದೆ. ಟ್ವಿಸ್ಟ್, ಟ್ವೈನ್, ಟ್ವರ್ಲ್. ತಿರುಚು, ಹುರಿ, ಗಿರಗಿರನೆ ತಿರುಗಿಸು. ಬೂದಿಯ ಮಾತೇ ಇಲ್ಲ. ಓದಿ ಹೇಳಿದೆ.

“ಅಷ್ಟೇಯಾ?” ಎಂದು ಅಮ್ಮ ಮಗ್ಗಕ್ಕೆ ಹೋದಳು. ನಾನು ಮುಂದಿನ ಪುಟ ತಿರುಗಿಸಿ ಹುಡುಕತೊಡಗಿದೆ.