ಗೋಡೆಗೆ ತಂದ ಥರ್ಮಾಕೋಲ್

ಗೋಡೆಗೆಂದು ತಂದ ಥರ್ಮಾಕೋಲ್ ಮದುವೆಗೆ ಹೋದದ್ದನ್ನು ಎಲ್ಲಾದರೂ ಕೇಳಿದ್ದೀರಾ? ನಮ್ಮದು ಹೋಗಿದೆ. (ಅದು ವೇದಿಕೆಯ ಮೇಲೆ. ನಾವು ಕೊನೆಯ ಸಾಲಿನಲ್ಲಿ.)

ಕಾಪು ಪೇಟೆಯಲ್ಲಿ ನಮ್ಮದೊಂದು ಪುಟ್ಟ ಕಟ್ಟಡವಿದೆ. ಕೆಳಗೆ ಜಿನಸಿ ಅಂಗಡಿ, ಮೇಲೆ ಲಿಲ್ಲಿ ಟೀಚರ ಟೈಪಿಂಗ್ ಕ್ಲಾಸು. ಅವರ ಕೋಣೆಯ ಪಶ್ಚಿಮದ ಗೋಡೆಯನ್ನು ಮಧ್ಯಾಹ್ನದ ಮೇಲೆ ಮುಟ್ಟಿದರೆ ದೋಸೆಯ ಕಾವಲಿಯೇ! ಕಳೆದ ತಿಂಗಳು ಅವರು ನಮ್ಮ ಯಜಮಾನರಿಗೆ ನೇರವಾಗಿ ಹೇಳಿದರು: "ಶೆಟ್ರೇ, ಮಕ್ಕಳ ಬೆವರು ಕಾಗದದ ಮೇಲೆ ಬೀಳ್ತಾ ಉಂಟು. ಮೇ ತಿಂಗಳಿನ ಒಳಗೆ ಎಂತಾದರೂ ಮಾಡಿ. ಇಲ್ಲದಿದ್ದರೆ ಶಿರ್ವದಲ್ಲಿ ಒಂದು ರೂಮ್ ನೋಡಿಟ್ಟಿದ್ದೇನೆ."

ಬಾಡಿಗೆ ಹಾಗಿರಲಿ, ಲಿಲ್ಲಿ ಟೀಚರ್ ಹೋದರೆ ಸಂಜೆಯ ಚಹಾಕ್ಕೆ ನನಗೆ ಬೇರೆ ಯಾರಿದ್ದಾರೆ?

ಯಜಮಾನರು ಸಲಹೆ ಕೇಳತೊಡಗಿದರು. ಬಂದವರೆಲ್ಲ ಜ್ವರ ನೋಡುವ ಹಾಗೆ ಗೋಡೆಗೆ ಅಂಗೈ ಇಟ್ಟು ನೋಡಿದರು. ಒಬ್ಬರು ಹೊರಗಿನಿಂದ ತೆಂಗಿನ ಮಡಲಿನ ತಟ್ಟಿ ಕಟ್ಟಿಸಿ ಎಂದರು. (ಪೇಟೆಯ ಕಟ್ಟಡ ದನದ ಹಟ್ಟಿಯಂತೆ ಕಾಣುವುದಿಲ್ಲವೇ?) ದುಬಾಯಿಯಿಂದ ರಜೆಗೆ ಬಂದ ನನ್ನ ತಮ್ಮ, "ಗ್ಲಾಸ್‌ವೂಲ್ ಹಾಕಿ ಭಾವಾ, ಅಲ್ಲಿ ಎಲ್ಲ ಅದೇ" ಎಂದ. ಆ ಗಾಜಿನ ಹತ್ತಿಯನ್ನು ಮುಟ್ಟಿದರೆ ಮೈಯೆಲ್ಲ ತುರಿಸುತ್ತದೆ ಎಂದೂ ಅವನೇ ಹೇಳಿದ.

ಕಡೆಗೆ ಥರ್ಮಾಕೋಲ್ ಗೆದ್ದಿತು. ಒಳಗಿನಿಂದ ಹಾಳೆ, ಅದರ ಮೇಲೆ ತೆಳು ಪ್ಲೈವುಡ್. ಉಡುಪಿಯಿಂದ ಬಸ್ಸಿನ ಟಾಪಿನಲ್ಲಿ ಬಂದ ಕಟ್ಟು ನಮ್ಮ ಮನೆಯ ಜಗಲಿಯಲ್ಲಿ ಕೂತಿತು. ಮರಗೆಲಸದ ಆಚಾರ್ರು ಬರಲು ಇನ್ನೂ ಒಂದು ವಾರವಿತ್ತು.

ಆ ವಾರವೇ ಕೆಟ್ಟದ್ದು. ಪಕ್ಕದ ಮನೆಯವರು ಬಂದರು. "ಮಗಳ ಮದುವೆ ಮಾರಾಯ್ರೆ. ಸ್ಟೇಜಿಗೆ ಹೆಸರು ಕತ್ತರಿಸಲಿಕ್ಕೆ ಎರಡೇ ಹಾಳೆ."

"ಶುಭಕಾರ್ಯ ಅಲ್ವಾ? ತೆಗೊಳ್ಳಿ," ಎಂದರು ಯಜಮಾನರು.

(ಮದುಮಗನ ಹೆಸರು ಅಷ್ಟುದ್ದ! ಎರಡು ನಾಲ್ಕಾಯಿತು.) ಮತ್ತಷ್ಟು ಹಾಳೆಗಳು ಯುವಕ ಮಂಡಲದ ನಾಟಕದಲ್ಲಿ ಅರಮನೆಯ ಕಂಬಗಳಾದವು. ಆಚಾರ್ರು ಬರುವಾಗ ಉಳಿದದ್ದು ಒಂದೇ ಹಾಳೆ.

ಲಿಲ್ಲಿ ಟೀಚರ್ ಅದನ್ನು ನೋಡಿದರು. ಯಜಮಾನರನ್ನು ನೋಡಿದರು.

"ಇದನ್ನು ನಾನು ಬೆನ್ನಿಗೆ ಕಟ್ಟಿಕೊಳ್ಳುವುದಾ ಶೆಟ್ರೇ?"

ಯಜಮಾನರು ಚಹಾ ಕೂಡ ಕುಡಿಯದೆ ಮತ್ತೆ ಉಡುಪಿಯ ಬಸ್ಸು ಹತ್ತಿದರು. ಈ ಸಲದ ಕಟ್ಟು ನೇರವಾಗಿ ಟೈಪಿಂಗ್ ಕೋಣೆಗೆ ಹೋಯಿತು. ಬೀಗದ ಕೈ ಟೀಚರ ಬಳಿ. ನಿನ್ನೆ ಗೋಡೆಯ ಕೆಲಸ ಮುಗಿಯಿತು. ಶಿರ್ವದವರಿಗೆ ರೂಮ್ ಬೇಡವೆಂದು ಟೀಚರ್ ಹೇಳಿಕಳಿಸಿದ್ದಾರೆ.

ಬಿಸಿಲನ್ನು ತಡೆಯುವ ಹಾಳೆಯೇನೋ ಉಡುಪಿಯಲ್ಲಿ ಸಿಗುತ್ತದೆ. ಕೇಳಿದವರಿಗೆಲ್ಲ "ತೆಗೊಳ್ಳಿ" ಎನ್ನುವ ಗಂಡಂದಿರನ್ನು ತಡೆಯುವಂಥದ್ದು ಯಾವ ಅಂಗಡಿಯಲ್ಲಿದೆ?