ಮುರಿದ ಕಾಲಿಗೆ ಗಿರಿಯಮ್ಮನ ಕಟ್ಟು

ಹೊಸದುರ್ಗದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶ್ರೀರಾಂಪುರದ ಕಡೆ ಹೋಗುವ ಮೊದಲ ಬಸ್ಸಿನ ಹಾರನ್ ಕೇಳಿದ ಮೇಲೆ ಗಿರಿಯಮ್ಮ ಅಡುಗೆಮನೆಯ ಪಕ್ಕದ ಕೋಣೆಗೆ ಹೋಗಿ, ಪುಟ್ಟ ಪಂಜರದ ಮೇಲೆ ಹೊದಿಸಿದ್ದ ಕಂಬಳಿಯನ್ನು ಮೆಲ್ಲಗೆ ಸರಿಸುತ್ತಾರೆ. ಅಲ್ಲಿಯವರೆಗೆ ಈ ಮನೆಯಲ್ಲಿ ಪಾತ್ರೆ ಸದ್ದು ಮಾಡುವಂತಿಲ್ಲ, ರೇಡಿಯೊ ಹಾಕುವಂತಿಲ್ಲ. ಗಂಡ ಮಾರಣ್ಣನಿಗೆ ಕೆಮ್ಮು ಬಂದರೂ ಹಿತ್ತಿಲಿಗೆ ಹೋಗಿ ಕೆಮ್ಮಿ ಬರಬೇಕು. ಪಂಜರದೊಳಗೆ ಹೆಬ್ಬೆರಳಿಗಿಂತ ಒಂಚೂರು ದೊಡ್ಡದಾದ ಫಿಂಚ್ ಹಕ್ಕಿಯೊಂದು ಕಣ್ಣು ಬಿಡುತ್ತದೆ. ಕೆಂಪು ಕೊಕ್ಕು, ಕೆನ್ನೆಯ ಮೇಲೆ ಕೇಸರಿ ಬಣ್ಣ, ಎಡಗಾಲಿಗೆ ಬಿಳಿ ಟೇಪಿನ ಕಟ್ಟು.

ಇವತ್ತು ಆ ಕಟ್ಟು ಬಿಚ್ಚುವ ದಿನ. ಬಿಚ್ಚಿದ ಮೇಲೆ ಬೆರಳುಗಳು ಕಡ್ಡಿಯನ್ನು ಹಿಡಿದರೆ ಹಕ್ಕಿ ತನ್ನ ಜೋಡಿಯ ಬಳಿಗೆ ಹಿಂದಿರುಗುತ್ತದೆ. ಹಿಡಿಯದೇ ಹೋದರೆ ಎರಡನೇ ಸಲ ಕಟ್ಟಿ ಪ್ರಯೋಜನವಿಲ್ಲ, ಕಾಲನ್ನೇ ತೆಗೆಯಬೇಕಾಗಬಹುದು ಎಂದು ಪಶುವೈದ್ಯರು ಮೊದಲೇ ಹೇಳಿದ್ದಾರೆ. ಹೊರಗೆ ಜಗಲಿಯ ಮೇಲೆ ಮಫ್ಲರ್ ಸುತ್ತಿಕೊಂಡು ಕುಳಿತಿರುವ ಕೊಬ್ಬರಿ ವ್ಯಾಪಾರಿ ನಾಗರಾಜಪ್ಪನವರಿಗೂ ಇದು ಗೊತ್ತು. ಹಕ್ಕಿ ಅವರದಲ್ಲ. ಕಾಲು ಮುರಿದಿದ್ದು ಮಾತ್ರ ತಮ್ಮಿಂದಲೇ ಎಂಬ ಕೊರಗು ಅವರಿಗೆ.

“ಒಳಗೆ ಬರ್ಲಾ ತಾಯಿ?” ಎಂದು ಅವರು ಬಾಗಿಲಿನಿಂದ ಇಣುಕುತ್ತಾರೆ.

“ಬ್ಯಾಡ್ರಿ, ಅಲ್ಲೇ ಕುಂತ್ಕಳ್ರಿ. ನಿಮ್ ಮಫ್ಲರ್ ಕಂಡ್ರೆ ಅದು ಗಾಬ್ರಿ ಬೀಳ್ತೈತೆ” ಎನ್ನುತ್ತಾರೆ ಗಿರಿಯಮ್ಮ. ಊರಿನ ಮಾರುಕಟ್ಟೆಯಲ್ಲಿ ನಾಲ್ಕು ಜನರಿಗೆ ಕೇಳಿಸುವಂತೆ ಮಾತಾಡುವ ನಾಗರಾಜಪ್ಪ ಇಲ್ಲಿ ಬೆಕ್ಕಿನ ಹಾಗೆ ಹೆಜ್ಜೆ ಹಿಂದಿಡುತ್ತಾರೆ.

ಗಿರಿಯಮ್ಮ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಶಾಲೆಯ ಮಕ್ಕಳಿಗೆ ಅವರ ಸಾರು ಗೊತ್ತು, ಓಣಿಯವರಿಗೆ ಅವರ ಬಾಯಿ ಗೊತ್ತು. ಪೇಟೆಯಲ್ಲಿ ಹಕ್ಕಿ ಸಾಕಿದವರಿಗೆ ಮಾತ್ರ ಅವರ ಕೈ ಗೊತ್ತು. ಹೊಳಲ್ಕೆರೆಯಿಂದ ಬೈಕಿನಲ್ಲಿ, ಹಿರಿಯೂರಿನಿಂದ ಬಸ್ಸಿನಲ್ಲಿ, ಶೂ ಡಬ್ಬಿಗೆ ತೂತು ಮಾಡಿ ಹಕ್ಕಿ ಇಟ್ಟುಕೊಂಡು ಇವರ ಮನೆ ಹುಡುಕಿಕೊಂಡು ಬಂದವರಿದ್ದಾರೆ. ರೆಕ್ಕೆ ತರಚಿದ್ದು, ಉಗುರು ಕಿತ್ತುಬಂದಿದ್ದು, ಬೆಕ್ಕಿನ ಬಾಯಿಂದ ಹೇಗೋ ಪಾರಾಗಿದ್ದು, ಎಲ್ಲವೂ ಈ ಕೋಣೆಯಲ್ಲಿ ಕೆಲವು ದಿನ ಇದ್ದು ಹೋಗಿವೆ. ಬಂದವರಿಗೆ ಗಿರಿಯಮ್ಮ ಕೇಳುವ ಮೊದಲ ಮಾತು ಒಂದೇ: “ಡಾಕ್ಟ್ರಿಗೆ ತೋರ್ಸಿದ್ರಾ?” ತೋರಿಸಿಲ್ಲ ಎಂದರೆ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಪಶು ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಕಾಡಿನ ಗಿಳಿಯನ್ನೋ ರಾಟವಾಳ ಹಕ್ಕಿಯನ್ನೋ ಹಿಡಿದು ತಂದವರಿಗೆ ಬೈಗುಳವೂ ಸಿಗುತ್ತದೆ, ಅರಣ್ಯ ಇಲಾಖೆಯ ದಾರಿಯೂ ಸಿಗುತ್ತದೆ.

ಅವರ ತವರು ಶ್ರೀರಾಂಪುರದ ಹತ್ತಿರ. ಕುರಿ ಸಾಕುವ ಮನೆ. ಮರಿಯ ಕಾಲು ಮುರಿದರೆ ಅವರಪ್ಪ ಬಿದಿರು ಸೀಳಿ, ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಬಳಿದು, ಬಟ್ಟೆ ಸುತ್ತಿ ಕಟ್ಟುತ್ತಿದ್ದರಂತೆ. ಮರಿಯನ್ನು ಅಲುಗಾಡದಂತೆ ಅಮುಕಿ ಹಿಡಿಯುವ ಕೆಲಸ ಗಿರಿಯಮ್ಮನದು. ಮದುವೆಯಾಗಿ ಬಂದಿದ್ದೂ ಕುರಿಯವರ ಮನೆಗೇ. ಮಾರಣ್ಣ ಈಗಲೂ ಊರ ಹೊರಗೆ ಒಂದಿಷ್ಟು ಕುರಿ ಮೇಯಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಅಣ್ಣನ ಮಗಳು ಕೀರ್ತನಾ ಕಾಲೇಜಿಗೆಂದು ಇವರ ಮನೆಯಲ್ಲಿದ್ದಳು. ಬಟ್ಟೆ ಬರೆಯ ಜೊತೆ ಒಂದು ಫಿಂಚ್ ಹಕ್ಕಿಯನ್ನೂ ತಂದಿದ್ದಳು. ಅದರ ಕಾಲು ಪಂಜರದ ಬಾಗಿಲಿಗೆ ಸಿಕ್ಕಿ ಮುರಿದಾಗ ಗಿರಿಯಮ್ಮ ಹಿಂದೆ ಮುಂದೆ ನೋಡಲಿಲ್ಲ. ಕುರಿಮರಿಗೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಬಿದಿರಿನ ಬದಲು ಪೊರಕೆ ಕಡ್ಡಿ, ಉಳಿದದ್ದೆಲ್ಲ ಅದೇ: ಧಾರಾಳವಾಗಿ ಹರಳೆಣ್ಣೆ, ಧಾರಾಳವಾಗಿ ಅರಿಶಿನ.

“ನಮ್ಮಪ್ಪ ಕುರಿಗೆ ಕಟ್ಟಿದ್ದು ಒಂದೂ ಸುಳ್ಳಾಗಿರ್ಲಿಲ್ಲ ನೋಡ್ರಿ, ಅದೇ ಧೈರ್ಯ” ಎನ್ನುತ್ತಾರೆ ಅವರು. “ಇದು ಕೊಕ್ಕಿನಾಗೆ ಕಾಲ್ ಕೆದಕ್ತು, ಅದೇ ಕೊಕ್ಕಿನಾಗೆ ಮೈಯೆಲ್ಲ ನೀವ್ಕೊಂತು. ಬೆಳಿಗ್ಗೆ ಎದ್ದು ನೋಡಿದ್ರೆ ಪುಕ್ಕ ಎಲ್ಲ ಅಂಟ್ಕಂಡು, ನೆನೆದ ಹತ್ತಿ ಆಗೋಗಿತ್ತು. ಚಳಿಗೆ ಗಡಗಡ ನಡುಗ್ತಿತ್ತು. ಕಾಲು ಮುರಿದಿದ್ದಕ್ಕೆ ಸಾಯ್ತಿರ್ಲಿಲ್ಲ, ನನ್ ಎಣ್ಣೆಗೆ ಸಾಯ್ತಿತ್ತು.”

ಕುರಿಗೆ ಉಣ್ಣೆಯಿದೆ, ಎಣ್ಣೆ ಬಿದ್ದರೆ ಏನೂ ಆಗದು. ಹಕ್ಕಿಗೆ ಪುಕ್ಕವೇ ಕಂಬಳಿ. ಅದಕ್ಕೆ ಎಣ್ಣೆ ಹತ್ತಿದರೆ ಮೈಯಲ್ಲಿ ಬಿಸಿ ನಿಲ್ಲುವುದಿಲ್ಲ. ಇದನ್ನು ಗಿರಿಯಮ್ಮನಿಗೆ ಹೇಳಿಕೊಟ್ಟವರು ಪಶುವೈದ್ಯ ರಘುನಾಥ್. ನಡುಗುವ ಹಕ್ಕಿಯನ್ನು ಸೆರಗಿನಲ್ಲಿಟ್ಟುಕೊಂಡು ಓಡಿ ಬಂದ ಹೆಂಗಸಿಗೆ ಅವರು ಬೈಯಲಿಲ್ಲ, ನಗಲೂ ಇಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಎಣ್ಣೆ ತೆಗೆಯುವುದು, ಬಲ್ಬಿನ ಹತ್ತಿರ ಬೆಚ್ಚಗಿಡುವುದು, ಕಾಗದದ ಟೇಪನ್ನು ಕಾಲಿನ ಎರಡೂ ಬದಿಗೆ ಅಂಟಿಸಿ ಕಟ್ಟುವುದು, ಎಲ್ಲವನ್ನೂ ಮಾಡಿ ತೋರಿಸಿದರು. ಕೀರ್ತನಾಳ ಹಕ್ಕಿ ಸ್ವಲ್ಪ ಕುಂಟುತ್ತಲೇ ಬಹಳ ಕಾಲ ಬದುಕಿತು.

“ಅವತ್ತಿಂದ ನಮ್ಮನೇಲಿ ಎಣ್ಣೆ ಒಗ್ಗರಣೆಗೆ ಮಾತ್ರ” ಎಂದು ಗಿರಿಯಮ್ಮ ನಗುತ್ತಾರೆ.

ಡಾಕ್ಟರಿಗೆ ಇವರ ಬಗ್ಗೆ ಪ್ರೀತಿ. “ಮೂಳೆ ಕೂರಿಸಿ ಕಟ್ಟು ಹಾಕೋದು ನನ್ನ ಕೆಲಸ. ಆಮೇಲೆ ದಿನಾ ಅದನ್ನ ಬೆಚ್ಚಗಿಟ್ಟು, ತಿನ್ನಿಸಿ, ಕಟ್ಟು ಸಡಿಲ ಆದ್ರೆ ಬಿಗಿ ಮಾಡಿ ಕಾಯೋರು ಬೇಕಲ್ಲ? ದನ ಎಮ್ಮೆ ನೋಡ್ಕೊಂಡು ಓಡಾಡೋ ನನಗೆ ಅಷ್ಟು ಹೊತ್ತು ಎಲ್ಲಿ ಸಿಗುತ್ತೆ?” ಎನ್ನುತ್ತಾರೆ. ಮೊದಮೊದಲು ಅವರು ಕಟ್ಟಿದ್ದನ್ನು ಗಿರಿಯಮ್ಮ ಕಾಯುತ್ತಿದ್ದರು. ಈಗ ಡಾಕ್ಟರು ಪಕ್ಕದಲ್ಲಿ ನಿಂತು ನೋಡುತ್ತಾರೆ, ಕಟ್ಟುವುದು ಗಿರಿಯಮ್ಮ.

ಈ ಸಲದ ರೋಗಿಯ ಹೆಸರು ಪೀಪಿ. ಬಸ್ ನಿಲ್ದಾಣದ ಹತ್ತಿರ ರಾಜಶೇಖರ್ ನಡೆಸುವ ಕಟಿಂಗ್ ಶಾಪಿನ ಹಕ್ಕಿ. ಇದರ ಕೂಗು ಜಾತ್ರೆಯ ಪೀಪಿಯ ಹಾಗೇ ಇರುವುದರಿಂದ ಗಿರಾಕಿಗಳೇ ಇಟ್ಟ ಹೆಸರು. ಜೋಡಿಯ ಹೆಣ್ಣು ಹಕ್ಕಿ ಚಿನ್ನಿ. ಕನ್ನಡಿಯ ಮೇಲಿರುವ ಪಂಜರದಲ್ಲಿ ಇವೆರಡೂ ಗೂಡಿಗೆಂದು ಏನಾದರೂ ಆಯ್ದುಕೊಳ್ಳಲು ಒದ್ದಾಡುವುದನ್ನು ನಾಗರಾಜಪ್ಪ ಗಡ್ಡ ಹೆರೆಸಿಕೊಳ್ಳುತ್ತಾ ನೋಡಿದರು. ಅವರ ಮನಸ್ಸು ಕರಗಿತು. ತೆಂಗಿನ ಸೀಮೆಯ ಮನುಷ್ಯ, ಇನ್ನೇನು ತಂದಾರು? ತಮ್ಮದೇ ತೋಟದ ಕಾಯಿಯ ಸಿಪ್ಪೆಯಿಂದ ನಾರು ಬಿಡಿಸಿ, ಕೂದಲಿನಷ್ಟು ನುಣುಪಾಗಿ ಬಾಚಿ, ಒಂದು ಹಿಡಿ ತಂದು ಕೊಟ್ಟರು.

ಮರುದಿನ ಬೆಳಿಗ್ಗೆ ರಾಜಶೇಖರ್ ಶಟರ್ ಎತ್ತಿದಾಗ ಪೀಪಿ ತಲೆಕೆಳಗಾಗಿ ನೇತಾಡುತ್ತಿತ್ತು. ಉದ್ದನೆಯ ನಾರು ಎಡಗಾಲಿಗೆ ಸುತ್ತಿಕೊಂಡು, ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಬಿಗಿಯಾಗಿ, ಕಾಲು ಮುರಿದಿತ್ತು. ಪಾದ ನೀಲಿಗಟ್ಟಿತ್ತು.

“ನಮ್ ಸೀಮೆಯೋರೆಲ್ಲ ಮಾಡೋ ತಪ್ಪೇ ಇದು” ಎನ್ನುತ್ತಾರೆ ಗಿರಿಯಮ್ಮ. “ಇಲ್ಲಿಗೆ ಬರೋ ಕಾಲು ಮುರಿದ ಹಕ್ಕಿನಾಗೆ ಅರ್ಧಕ್ಕರ್ಧ ನಾರಿಂದ ಆಗಿರೋವೇ. ಮನೆ ಮುಂದೆ ಬಿದ್ದಿರ್ತೈತೆ, ಮೆತ್ತಗಿರ್ತೈತೆ, ಪಾಪ ಪ್ರೀತಿಯಿಂದ ಹಾಕ್ತಾರೆ. ಗರಿಕೆ ಹುಲ್ಲು ಒಣಗಿಸಿ ತುಂಡು ಮಾಡಿ ಹಾಕ್ರಿ ಅಂತೀನಿ. ಅದು ಎಳೆದ್ರೆ ಮುರಿತೈತೆ, ನಾರು ಮುರಿಯಲ್ಲ. ಕಾಲೇ ಮುರಿತೈತೆ.”

ಅವತ್ತಿನಿಂದ ನಾಗರಾಜಪ್ಪ ದಿನಾ ಒಂದು ನೆಪ ಹಿಡಿದು ಬರುತ್ತಿದ್ದಾರೆ. ಒಂದು ದಿನ ನವಣೆ ತಂದರು, ಅದು ಸರಿ. ಇನ್ನೊಂದು ದಿನ ಬಾದಾಮಿ ತಂದರು. “ಹಕ್ಕಿಗಾ, ನನಗಾ?” ಎಂದು ಗಿರಿಯಮ್ಮ ಕೇಳಿದರು. ಬಾದಾಮಿ ಮಾರಣ್ಣನ ಪಾಲಾಯಿತು.

ಗಿರಿಯಮ್ಮನ ದಿನಚರಿ ಹಕ್ಕಿಯ ಸುತ್ತಲೇ ಶುರುವಾಗುತ್ತದೆ. ಎದ್ದ ಕೂಡಲೇ ಹಿಕ್ಕೆ ನೋಡಬೇಕು; ಅದರ ಬಣ್ಣ ನೋಡಿದರೆ ಹೊಟ್ಟೆ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನೀರು ಬದಲಿಸಬೇಕು, ನವಣೆಯ ಹೊಟ್ಟು ಊದಬೇಕು. ಕಟ್ಟಿರುವಷ್ಟು ದಿನ ಪಂಜರದಲ್ಲಿ ಕೂರುವ ಕಡ್ಡಿ ಇರಬಾರದು. ಹತ್ತಲು ಹೋಗಿ ಬಿದ್ದರೆ ಮಾಡಿದ್ದೆಲ್ಲ ಹಾಳು. ಕೆಳಗೆ ಎಳೆ ಬಿಡದ ಹಳೇ ಕಾಟನ್ ಬಟ್ಟೆ. ಇಷ್ಟು ಮುಗಿಸಿ ಶಾಲೆಗೆ ಓಡಬೇಕು. ಅಲ್ಲಿ ಬೇಳೆ ಬೇಯುವಾಗಲೂ ಮನಸ್ಸು ಅರ್ಧ ಇಲ್ಲೇ. “ಇದೇನ್ ಲೇ, ಕುರಿ ಕಾಯೋರ ಮನೇಲಿ ಗುಬ್ಬಿ ಕಾಯೋದಾಯ್ತು” ಎಂದು ಮಾರಣ್ಣ ಗೊಣಗುತ್ತಾರೆ. ಆದರೆ ಪಂಜರದ ಮೇಲೆ ಹೊದಿಸುವ ಕಂಬಳಿ ಅವರದೇ. ಚಳಿ ಹೆಚ್ಚಾದ ದಿನ ತಾವೇ ಹೆಗಲಿನಿಂದ ತೆಗೆದು ಕೊಟ್ಟಿದ್ದಂತೆ.

ಈಗ ಗಿರಿಯಮ್ಮ ಪಂಜರದೊಳಗೆ ಕೈ ಹಾಕುತ್ತಾರೆ. ಹಕ್ಕಿಯ ಕುತ್ತಿಗೆ ಎರಡು ಬೆರಳುಗಳ ಮಧ್ಯೆ ಬರುತ್ತದೆ, ಮೈ ಅಂಗೈಯಲ್ಲಿ ಸುಮ್ಮನೆ ಕೂರುತ್ತದೆ. “ಕುರಿನ ಅಮುಕಿ ಹಿಡಿಬೇಕು. ಇದನ್ನ ಹಿಡಿದ್ರೂ ಹಿಡಿದಿಲ್ಲ ಅನ್ನಂಗೆ ಹಿಡಿಬೇಕು. ಎದೆ ಒತ್ತಿದ್ರೆ ಉಸಿರು ಕಟ್ತೈತೆ” ಎಂದು ಪಿಸುಗುಡುತ್ತಾರೆ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಟೇಪನ್ನು ತೋಯಿಸಿ, ಸಣ್ಣ ಕತ್ತರಿಯಿಂದ ಕತ್ತರಿಸುತ್ತಾರೆ. ಕಾಲು ಹೊರಬರುತ್ತದೆ. ನೇರವಾಗಿದೆ. ನಾರು ಕೊಯ್ದಿದ್ದ ಜಾಗದಲ್ಲಿ ಬಳೆಯ ಹಾಗೆ ಒಂದು ಬಿಳಿ ಗೆರೆ. ಬೆರಳುಗಳು ಮಾತ್ರ ಮುದುರಿಕೊಂಡಿವೆ, ಅಲುಗಾಡುವುದಿಲ್ಲ.

ಪಂಜರದ ತಳಕ್ಕೆ ಒಂದಿಂಚು ಮೇಲೆ ಬೇವಿನ ಕಡ್ಡಿಯೊಂದನ್ನು ಇಟ್ಟು, ಹಕ್ಕಿಯನ್ನು ಬಿಡುತ್ತಾರೆ. ಪೀಪಿ ಮೂಲೆಗೆ ಹೋಗಿ ಹೊಟ್ಟೆಯ ಮೇಲೆ ಕೂರುತ್ತದೆ. ಕಡ್ಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಬಾಗಿಲಲ್ಲಿ ನಾಗರಾಜಪ್ಪನವರ ಮುಖ ಬಾಡಿಹೋಗುತ್ತದೆ. ಪತ್ರಿಕೆಗೆ ಬರೆಯುವ ನನಗೂ ಬೇಜಾರಾಗುತ್ತದೆ; ಒಳ್ಳೆಯ ಸುದ್ದಿ ಬರೆದುಕೊಂಡು ಹೋಗುವ ಆಸೆಯಿಂದಲೇ ಬಂದಿದ್ದೆ.

“ಎಷ್ಟು ದಿನ ಮಲಗಿದ್ದ ಕಾಲ್ರಿ ಅದು, ನೋಡಾಣ. ಆದ್ರೆ ಚಿನ್ನಿ ಇಲ್ಲದೆ ಇದಕ್ಕೆ ಏಳೋ ಮನಸ್ಸಿಲ್ಲ” ಎನ್ನುತ್ತಾರೆ ಗಿರಿಯಮ್ಮ. ದನಿಯಲ್ಲಿ ಧೈರ್ಯವಿದೆ, ಕೈ ಮಾತ್ರ ಸೆರಗನ್ನು ಹಿಂಡುತ್ತಿದೆ. ಆಗಲೇ ರಾಜಶೇಖರ್‌ಗೆ ಫೋನು ಹೋಗುತ್ತದೆ. ಆತ ಅಂಗಡಿಯ ಪಂಜರವನ್ನೇ ಹೊತ್ತು ತಂದು ಪಕ್ಕದಲ್ಲಿಡುತ್ತಾನೆ. ಚಿನ್ನಿ ಒಂದು ಸಲ ಕೂಗುತ್ತದೆ. ಮೂಲೆಯಲ್ಲಿದ್ದ ಪೀಪಿ ತಲೆ ಎತ್ತುತ್ತದೆ. ಅಷ್ಟು ಹೊತ್ತಿಗೆ ಶಾಲೆಗೆ ಹೊತ್ತಾಗುತ್ತದೆ.

ಮುಂದಿನ ವಾರ ಮತ್ತೆ ಬೆಳಗಿನ ಜಾವ ಅದೇ ಜಗಲಿಗೆ ಬಂದಿದ್ದೇನೆ. ನಾಗರಾಜಪ್ಪ ನನಗಿಂತ ಮೊದಲೇ ಹಾಜರು, ಈ ಸಲ ಮಫ್ಲರ್ ಇಲ್ಲ. ರಾಜಶೇಖರ್ ಕೂಡ ಅಂಗಡಿ ತೆಗೆಯುವ ಮುಂಚೆ ಬಂದು ನಿಂತಿದ್ದಾನೆ. ಪೀಪಿ ಹೋದ ವಾರವೇ ಕಡ್ಡಿ ಹತ್ತಿತಂತೆ. ಆದರೂ ಗಿರಿಯಮ್ಮ ಕಳಿಸಲು ಒಪ್ಪಿಲ್ಲ. “ಹತ್ತೋದು ಬ್ಯಾರೆ. ಒಂದೇ ಕಾಲಲ್ಲಿ ಎಗರಿನೂ ಹತ್ತಬಹುದು. ಹಕ್ಕಿ ಆರಾಮಾಗಿದ್ರೆ ಒಂದು ಕಾಲು ಹೊಟ್ಟೆಗೆ ಎತ್ಕಂಡು ಇನ್ನೊಂದ್ರ ಮೇಲೆ ನಿದ್ದೆ ಮಾಡ್ತೈತೆ. ನೋವಿರೋ ಕಾಲ್ ಮೇಲೆ ಯಾರೂ ನಿದ್ದೆ ಮಾಡಲ್ಲ” ಎನ್ನುತ್ತಾ ಅವರು ಕಂಬಳಿಯ ಅಂಚನ್ನು ಎತ್ತುತ್ತಾರೆ.

ಪೀಪಿ ಬೇವಿನ ಕಡ್ಡಿಯ ಮೇಲೆ ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ಕೂತಿದೆ. ಕೆಳಗೆ ಒಂದೇ ಕಾಲು ಕಾಣುತ್ತಿದೆ.

ನಾಗರಾಜಪ್ಪ ಬಾಗಿಲಿನಿಂದಲೇ ಕತ್ತು ಚಾಚಿ ನೋಡುತ್ತಾರೆ. “ಅಯ್ಯೋ ತಾಯಿ, ಒಂದೇ ಕಾಲೈತೆ. ಇನ್ನೊಂದು ಊರಕ್ಕೇ ಆಗ್ತಿಲ್ಲ ಅದ್ಕೆ. ನಾನೇ ಹಾಳು ಮಾಡ್ದೆ” ಎನ್ನುತ್ತಾ ಅಲ್ಲೇ ಕುಸಿದು ಕೂರುತ್ತಾರೆ.

“ಗಿರಿಯಕ್ಕ?” ಎನ್ನುವ ರಾಜಶೇಖರ್‌ನ ದನಿಯೂ ಸಣ್ಣಗಾಗಿದೆ.

ಗಿರಿಯಮ್ಮ ಪಂಜರದ ಹತ್ತಿರ ಮುಖ ತಂದು, ಬಹಳ ಹೊತ್ತು ನೋಡುತ್ತಾರೆ. ಆಮೇಲೆ ನಾಗರಾಜಪ್ಪನವರನ್ನು ಕೈಸನ್ನೆ ಮಾಡಿ ಕರೆಯುತ್ತಾರೆ. ಮೊದಲ ಸಲ ಅವರಿಗೆ ಪಂಜರದ ಹತ್ತಿರ ಬರಲು ಅಪ್ಪಣೆ ಸಿಕ್ಕಿದೆ.

“ಮೆಲ್ಲಗೆ ಬರ್ರಿ. ಕೆಳಗೆ ಊರಿರೋ ಕಾಲು ನೋಡ್ರಿ. ಬಿಳಿ ಗೆರೆ ಕಾಣ್ತೈತಾ?”

ನಾಗರಾಜಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಾರೆ. ಕಡ್ಡಿಯನ್ನು ಹಿಡಿದಿರುವ ಕಾಲಿನ ಮೇಲೆ ಬಳೆಯಂಥ ಬಿಳಿ ಗೆರೆ ಇದೆ. ಹೊಟ್ಟೆಯ ಪುಕ್ಕದೊಳಗೆ ಬೆಚ್ಚಗೆ ಅಡಗಿರುವುದು ಬಲಗಾಲು. ಅವರು ಮೇಲೇಳುವಾಗ ಕಣ್ಣು ಒದ್ದೆಯಾಗಿದೆ, ಅದನ್ನು ಮರೆಮಾಚುವ ಗೋಜಿಗೂ ಅವರು ಹೋಗುವುದಿಲ್ಲ. ರಾಜಶೇಖರ್ ಜೋರಾಗಿ ನಗಲು ಹೋಗಿ, ಗಿರಿಯಮ್ಮನ ನೋಟಕ್ಕೆ ಹೆದರಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.

“ಇವತ್ತು ಕರ್ಕಂಡು ಹೋಗಪ್ಪ ರಾಜಶೇಖರ್. ನಾರು ಹಾಕಿದ್ಯೋ, ನೋಡು ಮತ್ತೆ” ಎಂದು ಹೇಳಿ ಗಿರಿಯಮ್ಮ ಒಣಗಿದ ಗರಿಕೆಯ ಪೊಟ್ಟಣವೊಂದನ್ನು ಅವನ ಕೈಗಿಡುತ್ತಾರೆ. ಈ ಕೆಲಸದಿಂದ ನಿಮಗೇನು ಸಿಗುತ್ತದೆ ಎಂದು ನಾನು ಕೇಳುತ್ತೇನೆ. ಅವರು ಹಕ್ಕಿ ತಾನಾಗಿ ಏಳಲಿ ಎಂದು ಕಂಬಳಿಯನ್ನು ಮತ್ತೆ ಇಳಿಬಿಡುತ್ತಾರೆ. ಮೂವರನ್ನೂ ಹೊರಗೆ ಅಟ್ಟಿ, ಬಾಗಿಲು ಮುಂದೆ ಮಾಡಿ, ಚಪ್ಪಲಿ ಹುಡುಕುತ್ತಾ ನನ್ನ ಕಡೆ ತಿರುಗುತ್ತಾರೆ.

“ಮುರಿದಿದ್ ಕಾಲ್ ಮೇಲೇ ನಿದ್ದೆ ಹೋಗೈತಲ್ರಿ, ಅದು ನನ್ ಕಟ್ಟು ನಂಬೈತೆ. ಸಾಕು ಬಿಡ್ರಿ.”