ತೊಲೆಯ ಕೆಳಗೊಂದು ಮಧ್ಯಾಹ್ನ

ಬೆಳಗಾವಿಯಿಂದ ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸು ನಿಪ್ಪಾಣಿ ತಲುಪುವ ಮೊದಲೇ ನಾನು ನಿದ್ದೆಹೋಗಿದ್ದೆ. ಬಸ್ಸಾಗಲಿ, ಮದುವೆ ಮಂಟಪವಾಗಲಿ, ಕೂತಲ್ಲೇ ತೂಕಡಿಸುವ ಹೆಂಗಸು ನಾನು. ಸಾತಾರದಲ್ಲಿ ವಡಾಪಾವ್ ತಿಂದದ್ದು ನೆನಪಿದೆ. ಕಾತ್ರಜ್ ಸುರಂಗದ ಕತ್ತಲು ನಿಜವೋ ಕನಸೋ ತಿಳಿಯಲಿಲ್ಲ. ಒಂದು ಗಂಟೆಗೆ ಪುಣೆಯ ಸ್ವಾರಗೇಟಿನಲ್ಲಿ ಇಳಿದು, ರಿಕ್ಷಾಕ್ಕೆ ಅರವತ್ತು ರೂಪಾಯಿ ಕೊಟ್ಟು ಬಿಬವೇವಾಡಿ ಸೇರಿದೆ.

ತಂಗಿ ಶಾರದಾ ಅಲ್ಲಿ ಜೋಳದ ರೊಟ್ಟಿಯ ಖಾನಾವಳಿಗೆಂದು ದೊಡ್ಡ ಕೋಣೆ ಕಟ್ಟಿಸುತ್ತಿದ್ದಳು. ಗೋಡೆಯಿಂದ ಗೋಡೆಗೆ ಒಂದೇ ಕಾಂಕ್ರೀಟು ತೊಲೆ, ನಡುವೆ ಕಂಬವಿಲ್ಲ. "ನಡುವ ಕಂಬ ಬಂದ್ರ ಬಡಸೋರು ಎಡವ್ತಾರ" ಎಂದು ಹಟ ಹಿಡಿದವಳು ಅವಳೇ. ಓಣಿಯವರು ಬಂದು ತೊಲೆ ನೋಡಿ ಲೊಚಗುಟ್ಟಿದ ಮೇಲೆ, ಮೂರು ವಾರದಿಂದ ನಿದ್ದೆಗೆಟ್ಟವಳೂ ಅವಳೇ. ಮರುದಿನ ತೊಲೆಗೆ ಆನಿಸಿದ್ದ ನೀಲಗಿರಿ ಗಳಗಳನ್ನು ಬಿಚ್ಚುವುದಿತ್ತು.

"ಬಿದ್ರ ಏನ್ ಮಾಡೂದಕ್ಕಾ? ನಾ ಅಂತೂ ಅದರ ಕೆಳಗ ಕಾಲಿಡೂದಿಲ್ಲ" ಎಂದಳು. ತಾನೇ ಕಾಲಿಡದ ಖಾನಾವಳಿಗೆ ಇವಳು ಊಟಕ್ಕೆ ಯಾರನ್ನು ಕರೆದಾಳು? ನನಗೂ ಹೆದರಿಕೆಯಾಯಿತು.

ಬೆಳಿಗ್ಗೆ, ಆ ತೊಲೆ ಕಟ್ಟಿದ ವಿಜಯಪುರ ಕಡೆಯ ಹಿರಿಯ ಗೌಂಡಿ ಯಲ್ಲಪ್ಪ ನಡುವಿನ ಗಳದಿಂದ ಶುರುಮಾಡಿ, ಎರಡೂ ಗೋಡೆಗಳತ್ತ ಒಂದೊಂದಾಗಿ ಬಿಚ್ಚಿಸಿದ. ಮಧ್ಯಾಹ್ನದ ಹೊತ್ತಿಗೆ ಕೊನೆಯದೂ ಬಂತು. ತೊಲೆ ಅಲುಗಲಿಲ್ಲ. ಹೊಸ್ತಿಲಾಚೆ ನಿಂತ ಶಾರದಾಳೂ ಅಲುಗಲಿಲ್ಲ.

ಯಲ್ಲಪ್ಪ ನೆಲ ಗುಡಿಸಿ, ಖಾಲಿ ಸಿಮೆಂಟ್ ಚೀಲವನ್ನು ಸರಿಯಾಗಿ ತೊಲೆಯ ಕೆಳಗೆ ಹಾಸಿ, ರುಮಾಲನ್ನು ತಲೆಯಡಿಗಿಟ್ಟುಕೊಂಡು ಮಲಗಿದ. "ಗಳ ತಗದ ದಿನಾ ಕಟ್ಟಿದಾಂವ ಕೆಳಗ ಮಲಗಬೇಕ್ರಿ ಅಕ್ಕಾರ. ನಮ್ಮಪ್ಪನೂ ಹಿಂಗ ಮಲಗತಿದ್ದ. ಬರ್ರಿ, ಭಾಳ ತಂಪ ಅದ." ಎರಡೇ ನಿಮಿಷಕ್ಕೆ ಗೊರಕೆ ಕೇಳಿಸಿತು.

ಗೊರಕೆ ಕೇಳಿಯೂ ಎಚ್ಚರವಾಗಿರುವ ಜನ್ಮ ನನ್ನದಲ್ಲ. ತುಸು ದೂರದಲ್ಲಿ ನಾನೂ ಎರಡು ಚೀಲ ಹಾಸಿ ಒರಗಿ, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತಂಗಿಯನ್ನು ಕರೆದೆ. ನಿದ್ದೆ ಸುಖವರಿಯದು ಅನ್ನುತ್ತಾರಲ್ಲ. ಹಸಿ ಸಿಮೆಂಟಿನ ವಾಸನೆ, ಬೀದಿಯಲ್ಲಿ ಮೆಂತ್ಯ ಮಾರುವವಳ ಮರಾಠಿ ಕೂಗು, ಎಲ್ಲವೂ ಮೆಲ್ಲಗೆ ತೇಲಿ ದೂರವಾದವು.

ಎಚ್ಚರವಾದಾಗ ನಾಲ್ಕು ಗಂಟೆ. ಶಾರದಾ ನನ್ನ ಸೆರಗು ಹಿಡಿದುಕೊಂಡು, ಬಾಯಿ ತೆರೆದು, ಮೂರು ವಾರದ ನಿದ್ದೆಯನ್ನು ಒಟ್ಟಿಗೇ ಮಾಡುತ್ತಿದ್ದಳು. ಸಂತೋಷಕ್ಕೆ ನನಗೆ ಅಳುವೇ ಬಂತು.

ಐದಕ್ಕೆ ನನ್ನ ಬಸ್ಸು. ಮೆಲ್ಲಗೆ ಸೆರಗು ಬಿಡಿಸಿಕೊಂಡು, ಹೊಸ್ತಿಲಲ್ಲಿ ತಿರುಗಿ ನೋಡಿದೆ. ಗೊರಕೆ ಯಾವಾಗಲೋ ನಿಂತಿತ್ತು. ಯಲ್ಲಪ್ಪ ಮಲಗಿದಲ್ಲೇ ಕಣ್ಣು ಬಿಟ್ಟುಕೊಂಡು ತೊಲೆಯನ್ನೇ ನೋಡುತ್ತಿದ್ದ.

"ನಿದ್ದಿ ಹತ್ತಲಿಲ್ಲೇನ್ರಿ?" ಎಂದು ಪಿಸುಗುಟ್ಟಿದೆ.

"ಇವತ್ತ ಹತ್ತೂದಿಲ್ರಿ" ಎಂದ. "ನಮ್ಮಪ್ಪಗೂ ಹತ್ತತಿರಲಿಲ್ಲ, ಸುಳ್ಳ ಗೊರಕಿ ಹೊಡೀತಿದ್ದ. ನೀವು ಹೋಗ್ರಿ, ಅಕ್ಕಾರು ಏಳೂತನಕ ನಾ ಇರ್ತೀನಿ."

ಬಸ್ಸು ಸಾತಾರ ದಾಟಿದರೂ ನನಗೆ ನಿದ್ದೆ ಬರಲಿಲ್ಲ.